ಕಪ್ಪು ಬಾಲ

ದೊರೆಸಾನಿಯ ಎರಡು ಮೀನುಗಳು ನಮ್ಮ ಮನೆಗೆ ಬಂದ ದಿನ ಹೆತ್ತೆ ಊಟ ಮಾಡಲಿಲ್ಲ.

ಹೆತ್ತೆ ಎಂದರೆ ನನ್ನ ಅಪ್ಪನ ತಾಯಿ. ಹೆಸರು ಲಿಂಗಿ. ಹುಬ್ಬತಲೈಯ ನಮ್ಮ ಹಟ್ಟಿಯಲ್ಲಿ ಕೊರಳಿಗೆ ಲಿಂಗ ಕಟ್ಟುವ ಮನೆಗಳು ಕೆಲವೇ, ಅವುಗಳಲ್ಲಿ ನಮ್ಮದೊಂದು. ಮೀನು ಮಾಂಸ ತಿನ್ನುವ ಮಾತಿರಲಿ, ತಿನ್ನುವವರ ಮನೆಯ ನೀರನ್ನೂ ಹೆತ್ತೆ ಕುಡಿದವಳಲ್ಲ. ಅಪ್ಪ ಕುನ್ನೂರಿನ ಒಂದು ಬಂಗಲೆಯಲ್ಲಿ ತೋಟದ ಮೇಸ್ತ್ರಿ. ಆ ಬಂಗಲೆಯ ದೊರೆಸಾನಿ ಎಂಟು ತಿಂಗಳ ಮಟ್ಟಿಗೆ ಹಡಗು ಹತ್ತಿ ತನ್ನ ಸೀಮೆಗೆ ಹೊರಟವಳು, ಬಟ್ಲರನನ್ನು ನಂಬದೆ, ತನ್ನ ಗಾಜಿನ ತೊಟ್ಟಿಯನ್ನು ಅಪ್ಪನಿಗೆ ಒಪ್ಪಿಸಿದ್ದಳು. "ನಿನ್ನ ಮಗಳು ಮದ್ರಾಸಿನಲ್ಲಿ ಬಿ.ಎ. ಮಾಡಿ ಬಂದಿದ್ದಾಳಲ್ಲ, ಅವಳು ನೋಡಿಕೊಳ್ಳಲಿ" ಎಂದಳಂತೆ.

ಇಬ್ಬರು ಆಳುಗಳು ಕಂಬಳಿ ಸುತ್ತಿದ ತೊಟ್ಟಿಯನ್ನು ಹೊತ್ತು ತಂದು ಹೊರಕೋಣೆಯ ಜಗಲಿಯ ಮೇಲಿಟ್ಟರು. ಒಳಗೆ ಒಂದು ಕೆಂಪು ಮೀನು, ಒಂದು ಬಿಳಿ ಮೀನು.

"ತಿನ್ನದ ಮನೆಗೆ ಮೀನು ತಂದೆಯಲ್ಲ, ನಿನಗೆ ಬುದ್ಧಿ ಉಂಟಾ?" ಹೆತ್ತೆ ಅಪ್ಪನನ್ನು ಕೇಳಿದಳು.

"ತಿನ್ನಕ್ಕಲ್ಲ ಅವ್ವೆ. ಸುಮ್ಮನೆ ನೋಡಕ್ಕೆ."

"ನೋಡಕ್ಕೆ ಏನುಂಟು ಅದರಲ್ಲಿ? ಅದೇ ಎನ್ನ ನೋಡುತ್ತಾ ಕೂತದೆ. ಕಣ್ಣು ಮುಚ್ಚುವುದೂ ಇಲ್ಲೆ."

ಅಣ್ಣ ಮಹಾಲಿಂಗಂ ನಕ್ಕ. "ಹೆತ್ತೆ, ಮೀನಿಗೆ ರೆಪ್ಪೆ ಇರೋದಿಲ್ಲ."

"ನಾಚಿಕೆಯೂ ಇಲ್ಲೆ," ಎಂದು ಹೆತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಉದಕವೆಂದು ನಾವು ಕರೆಯುವ ಅವರೆಯ ಸಾರು, ಸಾಮೆ ಅನ್ನ ಒಲೆಯ ಪಕ್ಕದಲ್ಲೇ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಅವಳೇ ತೊಟ್ಟಿಯ ಮುಂದೆ ಬಂದು ನಿಂತಳು. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡಿದ್ದಳು. ಕೈಯಲ್ಲಿ ತೀರ್ಥದ ಬಟ್ಟಲು.

"ಬಂದ ಜೀವ ಬಂತು," ಎಂದಳು. "ಈ ಮನೆಯಲ್ಲಿ ಉಣ್ಣುವ ಜೀವಕ್ಕೆಲ್ಲ ತೀರ್ಥ ಉಂಟು. ಇವಕ್ಕೂ ಉಂಟು. ಬೇಡ ಅಂದರೆ ತೊಟ್ಟಿ ಹೊರಗೆ."

ಬೇಡವೆಂದು ಯಾರು ಹೇಳಬೇಕು? ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದ್ದುದು ಅದೇ. ಪೂಜೆಯ ಗೂಡಿನಲ್ಲಿ ಹೆತ್ತೆಯ ಅತ್ತೆಯ ಕಾಲದ, ಒಳಗೆ ಕಲಾಯಿ ಹಾಕಿಸಿದ ಒಂದು ದೊಡ್ಡ ಹಿತ್ತಾಳೆ ತಂಬಿಗೆ ಇತ್ತು. ಒರತೆಯ ನೀರು ತುಂಬಿ, ಬಿಲ್ವದ ಎಲೆ ಹಾಕಿ, ರಾತ್ರಿಯಿಡೀ ಅದರಲ್ಲೇ ಇಟ್ಟು, ಬೆಳಿಗ್ಗೆ ಲಿಂಗಕ್ಕೆ ಎರೆದು, ಒಬ್ಬೊಬ್ಬರ ಅಂಗೈಗೂ ಒಂದು ಗುಟುಕು ಹಾಕುತ್ತಿದ್ದಳು. ಆ ಗುಟುಕು ಕುಡಿಯದವರಿಗೆ ಗಂಜಿ ಇಲ್ಲ. ಅಂದಿನಿಂದ ಮೀನುಗಳಿಗೂ ದಿನಕ್ಕೊಂದು ಬಟ್ಟಲು ಬಿತ್ತು.

ಕೊನೆಯ ಗುಟುಕು ಯಾವಾಗಲೂ ಅತ್ತಿಗೆಯದು. ಅವಳ ಹೆಸರು ಮಲ್ಲಿ, ಮಂಜೂರಿನ ಕಡೆಯವಳು. ಅವಳಿಗೆ ಗುಟುಕಲ್ಲ, ಒಂದು ಲೋಟ. ಅವಳಿಗೆ ಬಸಿರಿನ ನಾಲ್ಕನೆಯ ತಿಂಗಳು ಶುರುವಾಗಿತ್ತು. ಬಸಿರು ನಿಲ್ಲಲೆಂದು ಹೆತ್ತೆ ಅದೇ ತಂಬಿಗೆಯಲ್ಲಿ ಜಜ್ಜಿದ ಬೆಟ್ಟದ ನೆಲ್ಲಿಕಾಯಿ ನೆನೆಸಿ, ಆ ಹುಳಿನೀರನ್ನು ಕುಡಿಸುತ್ತಿದ್ದಳು.

"ಮೊದಲ ಎರಡಕ್ಕೂ ಒಂದೇ ಹೊತ್ತು ಕೊಟ್ಟೆ. ಸಾಲಲಿಲ್ಲೆ," ಎನ್ನುತ್ತಿದ್ದಳು ಹೆತ್ತೆ. "ಈ ಸಲ ಎರಡು ಹೊತ್ತು. ಮೂಗು ಹಿಡಿದು ಕುಡಿ, ಕೂಸೇ."

ಮದುವೆಯಾಗಿ ಮೂರು ವರ್ಷದಲ್ಲಿ ಅತ್ತಿಗೆಗೆ ಎರಡು ಸಲ ಐದನೆಯ ತಿಂಗಳಲ್ಲಿ ಇಳಿದುಹೋಗಿತ್ತು. ನಮ್ಮವರಲ್ಲಿ ಮದುವೆಯ ದಿನ ಮದುವೆ ಮುಗಿಯುವುದಿಲ್ಲ. ಮೊದಲ ಬಸಿರಿನ ಏಳನೆಯ ತಿಂಗಳಲ್ಲಿ ಗಂಡ ಮಾವನ ಮುಂದೆ ನಿಂತು, "ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲೇ?" ಎಂದು ಮೂರು ಸಲ ಕೇಳಿ, ಹೊಸೆದ ನೂಲಿನ ಹಗ್ಗವನ್ನು ಅವಳ ಕೊರಳಿಗೆ ಹಾಕಿದ ಮೇಲೆಯೇ ಅವಳು ಆ ಮನೆಯವಳು. ಅಲ್ಲಿಯವರೆಗೆ ಕಳಿಸಿಬಿಟ್ಟರೆ ಯಾರೂ ತಪ್ಪು ಎನ್ನುವಂತಿಲ್ಲ. ಮಲ್ಲಿ ಅತ್ತಿಗೆಯ ಕೊರಳು ಮೂರು ವರ್ಷದಿಂದ ಬರಿದಾಗಿತ್ತು.

ಅದನ್ನು ದಿನಕ್ಕೆ ನಾಲ್ಕು ಸಲ ನೆನಪಿಸುವವಳು ನಂಜಿ ಮಾಮಿ, ಅಪ್ಪನ ತಂಗಿ. ಗಂಡ ತೀರಿದ ಮೇಲೆ ಮಗಳು ಪಾಪಾತಿಯನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದಿದ್ದಳು. ಪಾಪಾತಿ ಅಣ್ಣನಿಗೆ ಸೋದರತ್ತೆಯ ಮಗಳು, ಮುರೆಯ ಹೆಣ್ಣು, ಅಂದರೆ ಮದುವೆಗೆ ಹಕ್ಕಿನವಳು. ಮಾಮಿ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಣ್ಣನಿಗೆ ಬಡಿಸುವಾಗ ಸೌಟನ್ನು ಪಾಪಾತಿಯ ಕೈಗೆ ಕೊಡುತ್ತಿದ್ದಳು, ಅಷ್ಟೆ.

ಮೀನುಗಳಿಗೆ ಹೆಸರಿಟ್ಟವಳು ಅತ್ತಿಗೆ: ಕೆಂಪಿ, ಬೆಳ್ಳಿ. ಅಕ್ಕಿಯ ನುಚ್ಚನ್ನು ಬೆರಳ ತುದಿಯಲ್ಲಿ ಹಿಡಿದರೆ ಕೆಂಪಿ ಬಂದು ಬೆರಳನ್ನೇ ಚೀಪುತ್ತಿತ್ತು. "ಸರೋಜಾ, ನೋಡು, ಹಲ್ಲಿಲ್ಲದ ಅಜ್ಜಿ!" ಎಂದು ಅತ್ತಿಗೆ ನಗುತ್ತಿದ್ದಳು. ಮನೆಯವರ ಮುಂದೆ ಮಾತು ಹೊರಡದ ನಾನು ಆ ತೊಟ್ಟಿಯ ಮುಂದೆ ಅವಳ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಕಂಡದ್ದನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ.

ಮೊದಲು ಕೆಟ್ಟದ್ದು ಕೆಂಪಿ.

"ಜುಲೈ 17. ಕೆಂಪಿ ಬಾಯಿಯನ್ನು ನೀರಿನ ಮೇಲಕ್ಕೆ ತಂದು ಗಾಳಿ ನುಂಗುತ್ತಿದೆ. ಬೆಳಗಿನ ಹೊತ್ತು ಹೆಚ್ಚು."

"ಜುಲೈ 21. ಮೈಯನ್ನು ಗಾಜಿಗೆ ಉಜ್ಜುತ್ತದೆ. ಕಿವಿರಿನ ಮೇಲೆ ಗಂಜಿಯ ತಿಳಿಯಂಥ ಲೋಳೆ. ಅತ್ತಿಗೆಗೆ ಹೊಟ್ಟೆನೋವು, ಉಂಡಿಲ್ಲ."

"ಜುಲೈ 26. ಕೆಂಪಿಯ ಬಾಲ ತುದಿಯಿಂದ ಕಪ್ಪಾಗುತ್ತಿದೆ."

ಇಷ್ಟು ಬರೆದ ದಿನ ನಾನು ಪೆನ್ನು ಕೆಳಗಿಟ್ಟು ಮತ್ತೆ ಹೋಗಿ ನೋಡಿದೆ. ಮಸಿ ಅದ್ದಿದ ಹಾಗೆ ಬಾಲದ ಹಿಂದಿನ ಅರ್ಧ ಕಪ್ಪು. ಮುಂದಿನ ಅರ್ಧ ಕೆಂಪು. ನಡುವೆ ಗೆರೆ ಎಳೆದಂತಿತ್ತು.

ನಾನು ಓದಿದ್ದು ಸಸ್ಯಶಾಸ್ತ್ರ, ಆಗ ಅದಕ್ಕೂ ಬಿ.ಎ.ಯೇ. ಮೀನಿನ ವಿಷಯ ನನಗೆ ಗೊತ್ತಿದ್ದುದು ಪುಸ್ತಕದ ಎರಡು ಚಿತ್ರಗಳಷ್ಟು. ಚಳಿಯಿರಬಹುದೆಂದು ತೊಟ್ಟಿಯನ್ನು ಒಲೆಯ ಕಡೆಗೆ ಸರಿಸಿದೆ. ನುಚ್ಚು ಹೆಚ್ಚಾಯಿತೆಂದು ಒಂದು ದಿನ ಉಪವಾಸ ಕೆಡವಿದೆ. ಉಪ್ಪು ಹಾಕಿದೆ. ನೀರು ಬದಲಿಸಿದೆ. ಬದಲಿಸಿದ ದಿನ ಮಧ್ಯಾಹ್ನ ಸ್ವಲ್ಪ ಚುರುಕಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಗಾಳಿ ನುಂಗುವುದು.

"ಬಿ.ಎ. ಓದಿದ್ದು ಮೀನಿಗೆ ಬಾಣಂತನ ಮಾಡಕ್ಕಾ?" ನಂಜಿ ಮಾಮಿ ಕೇಳಿದಳು. ಕೀರೆಸೊಪ್ಪು ಬಿಡಿಸುತ್ತಾ ಕೂತಿದ್ದಳು. "ನೀರಲ್ಲೇನೂ ಇಲ್ಲೆ. ದಿನ ಬೆಳಗಾದರೆ ಯಾರು ಅದರ ಮೇಲೆ ಬಗ್ಗಿ ನಿಲ್ಲುತ್ತಾರೆ, ಅದು ನೋಡು."

ಅತ್ತಿಗೆ ಕಲ್ಲಿನ ಮೇಲೆ ಖಾರ ಅರೆಯುತ್ತಿದ್ದವಳು ಕೈ ನಿಲ್ಲಿಸಿದಳು. "ನಾನು ನಿಲ್ಲುತ್ತೇನೆ, ಮಾಮಿ. ನುಚ್ಚು ಹಾಕಕ್ಕೆ."

"ಅದೇ ಹೇಳಿದ್ದು. ಹೊಟ್ಟೆಯಲ್ಲಿದ್ದುದೂ ನಿಲ್ಲಲ್ಲ, ನೆರಳಲ್ಲಿದ್ದುದೂ ನಿಲ್ಲಲ್ಲ."

"ನಂಜಿ!" ಅಪ್ಪ ಹೊರಗಿನಿಂದ ಗದರಿದ.

"ಎನ್ನ ಬಾಯಿ ಮುಚ್ಚಿಸು. ಊರ ಬಾಯಿ ಮುಚ್ಚಿಸುತ್ತೀಯಾ ಅಣ್ಣಾ? ಒರತೆ ಹತ್ತಿರ ಹೆಮ್ಮಾತಿಯರೆಲ್ಲ, ಹಟ್ಟಿಯ ಹೆಂಗಸರೆಲ್ಲ ಕೇಳುತ್ತಾರೆ, ನಿಮ್ಮ ಮನೆ ಮೀನು ಕಪ್ಪಾಯಿತಂತೆ ಹೌದಾ ಅಂತ."

ಆ ವಾರದ ಊಟದ ಹೊತ್ತುಗಳೆಲ್ಲ ಹೀಗೇ. ಆಗಸ್ಟ್ ಮೊದಲ ಸೋಮವಾರ ಎಲ್ಲರೂ ತಟ್ಟೆಯ ಮುಂದಿರುವಾಗ ಹೆತ್ತೆ ತೀರ್ಮಾನವನ್ನು ಹೇಳಿದಳು. ಅವಳಿಗೆ ಬಲಗೈಯಲ್ಲಿ ಸೌಟು ಹಿಡಿಯಲಾಗುತ್ತಿರಲಿಲ್ಲ. ಒಂದು ವರ್ಷದಿಂದ ಆ ಕೈ ಮಣಿಕಟ್ಟಿನಲ್ಲಿ ಜೋತುಬಿದ್ದಿತ್ತು, ವಯಸ್ಸು ಎನ್ನುತ್ತಿದ್ದರು. ಎಡಗೈಯಿಂದ ಬಡಿಸುತ್ತಲೇ ಅಂದಳು:

"ಮಲ್ಲಿಯ ಮೇಲೆ ಎನಗೆ ಕೋಪ ಇಲ್ಲೆ. ಒಳ್ಳೆ ಕೂಸು. ಆದರೆ ತೀರ್ಥ ಬಿದ್ದ ನೀರಲ್ಲಿ ಜೀವ ಸತ್ತರೆ ಅದು ದೇವರು ಮನೆಗೆ ಹೇಳುವ ಮಾತು. ಮೀನು ಬದುಕಿದರೆ ಏಳನೇ ತಿಂಗಳು ಕಣ್ಣಿ. ಸತ್ತರೆ ಮಂಜೂರಿಗೆ ಕಳಿಸಿಬಿಡುವ. ಅಲ್ಲೇ ಸುಖವಾಗಿರಲಿ."

ಅಣ್ಣನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಮೀನಿಗೂ ಮಲ್ಲಿಗೂ ಏನು ಸಂಬಂಧ ಹೆತ್ತೆ?"

"ಎನಗೇನು ಗೊತ್ತು? ಅದು ನುಡಿಯುವ ದೇವರಿಗೆ ಗೊತ್ತು."

ಅಣ್ಣ ಅಪ್ಪನ ಮುಖ ನೋಡಿದ. ಅಪ್ಪ ಉದಕಕ್ಕೆ ಉಪ್ಪು ಕೇಳಿದ. ಅಷ್ಟಕ್ಕೇ ಮುಗಿಯಿತು. ಅತ್ತಿಗೆ ಎದ್ದು ಉಪ್ಪಿನ ಮರಿಗೆಯನ್ನು ತಂದು ಅಪ್ಪನ ಮುಂದಿಟ್ಟಳು.

ಆಗಸ್ಟ್ 9ರಂದು ಹೆತ್ತೆಯ ತಂಗಿಗೆ ಕಾಯಿಲೆ ಎಂದು ಉದಕಮಂಡಲದ ಆಚೆಯ ಹಟ್ಟಿಯಿಂದ ಆಳು ಬಂದ. ಹೆತ್ತೆ ನಂಜಿ ಮಾಮಿಯ ಜೊತೆ ಹೊರಟಳು. ಪೂಜೆಯ ಗೂಡಿಗೆ ಬಾಗಿಲು ಹಾಕಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಟು ದಿನ ಅವಳು ಬರಲಿಲ್ಲ.

ಆ ಎಂಟು ದಿನ ಮನೆಯಲ್ಲಿ ಜಗಳವಿರಲಿಲ್ಲ. ಆಲೂಗಡ್ಡೆ ಬೇಯಿಸಿ ಉಪ್ಪು ಖಾರ ಹಚ್ಚಿಕೊಂಡು ತಿಂದೆವು. ಅತ್ತಿಗೆ ಎರಡು ಸಲ ಅನ್ನ ಹಾಕಿಸಿಕೊಂಡಳು. "ಹೊಟ್ಟೆ ತಿರುಚೋದು ನಿಂತಿದೆ ಸರೋಜಾ," ಎಂದಳು. ಕೆಂಪಿ ತೊಟ್ಟಿಯ ತಳಕ್ಕಿಳಿದು ಓಡಾಡಿತು. ಬಾಲದ ಕಪ್ಪು ಹೋಗಲಿಲ್ಲ, ಆದರೆ ಗಾಳಿ ನುಂಗುವುದನ್ನು ಬಿಟ್ಟಿತು.

ಹೆತ್ತೆ ಬಂದಳು. ಬೆಳಗಿನ ತೀರ್ಥ ಮತ್ತೆ ಶುರುವಾಯಿತು. ನಾಲ್ಕನೆಯ ದಿನ ಕೆಂಪಿ ಪಕ್ಕಕ್ಕೆ ವಾಲಿ, ಬೆನ್ನು ಕೊಂಕಿಸಿಕೊಂಡು, ಒಂದೇ ಕಡೆಗೆ ಸುತ್ತುತ್ತಿತ್ತು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕೂತಿದ್ದಳು.

ಆ ಮಧ್ಯಾಹ್ನ ನಾನು ಡೈರಿಯ ಹಾಳೆಗಳನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿದೆ. ಮೀನಿನ ಕಾಯಿಲೆಯೆಂದು ಬರೆದ ದಿನಗಳಲ್ಲೆಲ್ಲ ಅದರ ಕೆಳಗೇ ಅತ್ತಿಗೆಯ ಹೊಟ್ಟೆನೋವು ಇತ್ತು. ಎಂಟು ದಿನ ಎರಡೂ ಇರಲಿಲ್ಲ. ಆ ಎಂಟು ದಿನ ಮನೆಯಲ್ಲಿ ಇಲ್ಲದಿದ್ದುದು ಏನು? ಹೆತ್ತೆ. ಹೆತ್ತೆಯ ಬಟ್ಟಲು. ಹೆತ್ತೆಯೇ ಏನಾದರೂ ಬೆರೆಸುತ್ತಿದ್ದಾಳೆ ಎಂಬ ಮಾತು ಮನಸ್ಸಿಗೆ ಬಂದುಬಿಟ್ಟಿತು. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು ಬಾಗಿಲ ಸಂದಿಯಿಂದ ಅವಳನ್ನು ಕಳ್ಳಿಯಂತೆ ನೋಡಿದೆ. ನೀರು, ಬಿಲ್ವ, ನೆಲ್ಲಿಕಾಯಿ, ವಿಭೂತಿ. ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು ಲಿಂಗಕ್ಕೆ ನೀರೆರೆಯುತ್ತಿದ್ದಳು. ಬೇರೇನೂ ಇರಲಿಲ್ಲ.

ಹಾಗಾದರೆ ವಿಭೂತಿಯೇ? ಎರಡು ಗಾಜಿನ ಉಪ್ಪಿನಕಾಯಿ ಜಾಡಿಗಳನ್ನು ತೊಳೆದೆ. ಇನ್ನೂ ಅಷ್ಟು ಕೆಟ್ಟಿರದ ಬೆಳ್ಳಿಯನ್ನು ಒಂದರಲ್ಲಿ ಬಿಟ್ಟು, ಒರತೆಯ ನೀರಿಗೆ ಚಿಟಿಕೆ ವಿಭೂತಿ, ಒಂದು ಬಿಲ್ವದ ಎಲೆ, ಒಂದು ತುಣುಕು ನೆಲ್ಲಿಕಾಯಿ ಹಾಕಿದೆ. ಐದು ದಿನ ದಿನವೂ ಹಾಕಿದೆ. ಬೆಳ್ಳಿ ಆರಾಮಾಗಿ ಈಜಿಕೊಂಡಿತ್ತು. ತೊಟ್ಟಿಯಲ್ಲಿ ತೀರ್ಥ ಕುಡಿಯುತ್ತಿದ್ದ ಕೆಂಪಿಗೆ ಆರನೆಯ ದಿನ ಕಣ್ಣಿನ ಮೇಲೂ ಲೋಳೆ ಕಟ್ಟಿತು.

ಸಾಮಾನು ಒಂದೇ, ಮೀನು ಎರಡು ರೀತಿ. ನನಗೆ ತಲೆ ಓಡಲಿಲ್ಲ.

ಕೆಂಪಿಯನ್ನು ಎರಡನೆಯ ಜಾಡಿಗೆ ಹಾಕಿಕೊಂಡು ಕೆಳಗಿನ ಬೀದಿಯ ಜೋಗಿ ಮಾಮನ ಮನೆಗೆ ಹೋದೆ. ಯಾರ ಮನೆಗೂ ಒಬ್ಬಳೇ ಹೋದವಳಲ್ಲ ನಾನು. ಬಾಗಿಲಲ್ಲಿ ನಿಂತು ಕೆಮ್ಮಿದೆ. ಜೋಗಿ ಮಾಮ ಹಿಂದೆ ಒಬ್ಬ ಎಸ್ಟೇಟ್ ದೊರೆಯ ಬಳಿ ಇಪ್ಪತ್ತು ವರ್ಷ ಟ್ರೌಟ್ ಮೀನಿನ ಕೊಳ ಕಾಯುತ್ತಿದ್ದವನು. ಜಾಡಿಯನ್ನು ಬಿಸಿಲಿಗೆ ಹಿಡಿದ. ನಗುತ್ತಿದ್ದವನ ಮುಖ ಗಟ್ಟಿಯಾಯಿತು.

"ತಿನ್ನಕ್ಕೆ ಏನು ಕೊಡುತ್ತೀ ಅಂತ ಕೇಳಲ್ಲ, ಕೂಸೇ. ನೀರು ಯಾವ ದಾರಿಯಲ್ಲಿ ಬರುತ್ತೆ, ಅದು ಹೇಳು."

"ಒರತೆಯಿಂದ, ಮಾಮ. ಕೊಡದಲ್ಲಿ."

"ಕೊಳಾಯಿ ಇಲ್ಲೆಯಾ?"

"ಇಲ್ಲ."

"ಇರಬೇಕಲ್ಲ." ಅವನು ಜಾಡಿಯನ್ನು ತಿರುಗಿಸಿದ. "ಕಪ್ಪು ಬಾಲ, ಕೊಂಕು ಬೆನ್ನು, ಈ ಲೋಳೆ. ನಮ್ಮ ದೊರೆ ಒಂದು ವರ್ಷ ಕೊಳಕ್ಕೆ ಸೀಸದ ಪೈಪು ಹಾಕಿಸಿದ. ಎರಡು ತಿಂಗಳಲ್ಲಿ ಮರಿಗಳೆಲ್ಲ ಹೀಗೇ ಆದವು. ಕಬ್ಬಿಣದ ಪೈಪು ಹಾಕಿಸಿದ ಮೇಲೆ ನಿಂತಿತು. ನಮ್ಮ ಮಲೆಯ ನೀರು ಮೆತ್ತಗೆ ಕೂಸೇ, ಸೀಸವನ್ನು ತಿನ್ನುತ್ತೆ. ಆ ಪೈಪು ಕಾಸಿ ಬೆಸೆಯುತ್ತಿದ್ದವನಿಗೂ ಕಾಯಿಲೆ ಹತ್ತಿತು, ಪಾಪ. ಕೈ ಹೀಗಾಯಿತು."

ಜೋಗಿ ಮಾಮ ಬಲಗೈಯನ್ನು ಮುಂದೆ ಚಾಚಿ ಮಣಿಕಟ್ಟನ್ನು ಸಡಿಲ ಬಿಟ್ಟ. ಕೈ ಕೆಳಕ್ಕೆ ಜೋತುಬಿತ್ತು.

ಅದು ಹೆತ್ತೆಯ ಕೈ.

ನನ್ನ ಮುಖ ನೋಡಿ ಮಾಮ ಜಾಡಿಯನ್ನು ಕೆಳಗಿಟ್ಟ. "ಏನಾಯಿತು?"

"ಮಾಮ, ತಂಬಿಗೆಯ ಕಲಾಯಿ... ಕಲಾಯಿಯಲ್ಲಿ ಸೀಸ ಇರುತ್ತದಾ?"

"ಇರಬಾರದು. ಕಲಾಯಿ ಅಂದರೆ ತವರ. ಕೆಟ್ಟ ಕಲಾಯಿಯವನಾದರೆ ಸೀಸ ಕಲಸುತ್ತಾನೆ, ಬೇಗ ಕರಗುತ್ತೆ, ಮೊದಲ ದಿನ ಚೆನ್ನಾಗಿ ಹೊಳೆಯುತ್ತೆ. ಕೆರೆದು ಕಾಗದದ ಮೇಲೆ ಎಳೆದು ನೋಡು. ತವರ ಗೆರೆ ಬರೆಯಲ್ಲ. ಸೀಸ ಬರೆಯುತ್ತೆ, ಪೆನ್ಸಿಲಿನ ಹಾಗೆ."

ಮನೆಗೆ ಬಂದಾಗ ಹೆತ್ತೆ ಅವರೆಯ ಪಾತಿಯಲ್ಲಿದ್ದಳು. ಪೂಜೆಯ ಗೂಡು ತೆರೆದಿತ್ತು. ತಂಬಿಗೆಯೊಳಗೆ ಕೈ ಹಾಕಿ ತಲೆಯ ಪಿನ್ನಿನಿಂದ ಕೆರೆದೆ. ಉಗುರಿನಷ್ಟು ಬೂದು ಚಕ್ಕೆ ಎದ್ದು ಬಂತು, ಮೇಣದಷ್ಟು ಮೆತ್ತಗೆ. ಡೈರಿಯ ಆ ದಿನದ ಹಾಳೆಯ ಮೇಲೆ ಎಳೆದೆ.

ಗೆರೆ ಬಂತು. ದಪ್ಪ, ಬೂದು, ಹೊಳೆಯುವ ಗೆರೆ.

"ಶಿವನೇ! ತೀರ್ಥದ ತಂಬಿಗೆಗೆ ತಲೆಯ ಪಿನ್ನು!" ನಂಜಿ ಮಾಮಿಯ ಕೂಗಿಗೆ ಹೆತ್ತೆ ಕೆಸರು ಕಾಲಲ್ಲೇ ಓಡಿಬಂದಳು. ಕೆಲಸಕ್ಕಿದ್ದ ಫ್ಯಾಕ್ಟರಿಯಿಂದ ಊಟಕ್ಕೆ ಬಂದಿದ್ದ ಅಣ್ಣ, ಅಪ್ಪ, ಹಿಟ್ಟಿನ ಕೈಯ ಅತ್ತಿಗೆ, ಎಲ್ಲರೂ ಬಾಗಿಲಲ್ಲಿ.

"ಮದ್ರಾಸಿನಲ್ಲಿ ಇದೇ ಕಲಿತದ್ದಾ?" ಹೆತ್ತೆ ಎಡಗೈಯಿಂದ ತಂಬಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಎನ್ನ ಅತ್ತೆ ಕೊಟ್ಟ ತಂಬಿಗೆ ಅದು!"

"ಹೆತ್ತೆ, ಇದಕ್ಕೆ ಕಲಾಯಿ ಹಾಕಿಸಿದ್ದು ಯಾವಾಗ?"

"ಯಾವಾಗ ಆದರೇನು?"

"ಹೇಳು ಹೆತ್ತೆ."

"ಮಲ್ಲಿ ಮನೆಗೆ ಬಂದ ತಿಂಗಳು. ಹೊಸ ಹೆಣ್ಣು ಬಂದಳು, ಇನ್ನು ಇದರಲ್ಲಿ ನೆಲ್ಲಿಕಾಯಿ ನೆನೆಸಬೇಕು, ಹುಳಿಗೆ ಹಿತ್ತಾಳೆ ಕಿಲುಬು ಹಿಡಿಯಬಾರದು ಅಂತ. ಕುನ್ನೂರಿನ ಸಂತೆಯಿಂದ ಕಲಾಯಿಯವನನ್ನು ಮನೆಗೇ ಕರೆಸಿ ಹಾಕಿಸಿದೆ. ಕನ್ನಡಿಯಂತೆ ಮಾಡಿಕೊಟ್ಟ."

ನಾನು ಅಷ್ಟು ಜನರ ಮುಂದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಪೈಪಿನ ಕತೆ, ಎರಡು ಜಾಡಿ, ಎಂಟು ದಿನ, ಕಾಗದದ ಗೆರೆ. ಮುಗಿದ ಮೇಲೆ ನಂಜಿ ಮಾಮಿ, "ತೀರ್ಥ ವಿಷ ಅನ್ನುತ್ತಾಳೆ, ಕೇಳಿದೆಯಾ ಅವ್ವೆ!" ಎಂದಳು.

"ತೀರ್ಥವಲ್ಲ ಮಾಮಿ, ತಂಬಿಗೆ."

ಅಪ್ಪ ತಂಬಿಗೆಯನ್ನು ತೆಗೆದುಕೊಂಡು ಒಳಗೆ ಇಣುಕಿ ನೋಡಿದ. "ನಾಳೆ ಮಲ್ಲಿಯನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು," ಎಂದು ನನಗೆ ಹೇಳಿದ. ಅಣ್ಣ, "ನಾನೇ ಹೋಗುತ್ತೇನೆ," ಎಂದ. ಅವನು ಹಾಗೆ ಹೇಳಿದ್ದನ್ನು ಆ ಮನೆಯಲ್ಲಿ ನಾನು ಅಂದೇ ಕೇಳಿದ್ದು.

ಮೂವರೂ ಕುನ್ನೂರಿಗೆ ನಡೆದು ಹೋದೆವು. ತಂಬಿಗೆಯ ಮಾತು ಕೇಳಿದ ಡಾಕ್ಟರಮ್ಮ ಹೊಟ್ಟೆಯನ್ನು ಮುಟ್ಟುವ ಮೊದಲೇ ಅತ್ತಿಗೆಯ ಕೆಳತುಟಿಯನ್ನು ಮಡಚಿ ನೋಡಿದಳು. ನನ್ನನ್ನೂ ಬಗ್ಗಿ ನೋಡೆಂದಳು. ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಸೂಜಿಯಿಂದ ಬರೆದಂಥ ನೀಲಿ ಗೆರೆ. ಕೆಂಪಿಯ ಬಾಲದ ಗೆರೆ ನೆನಪಾಯಿತು.

"ಎಷ್ಟು ವರ್ಷದಿಂದ ಕುಡಿಯುತ್ತಿದ್ದಾಳೆ?" ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದಳು. "ಸೀಸದ ಕೆಲಸ ಮಾಡುವ ಹೆಂಗಸರಿಗೆ ಬಸಿರು ನಿಲ್ಲುವುದಿಲ್ಲ. ಇದನ್ನು ಈಗಲೇ ನಿಲ್ಲಿಸಿ. ಮಗುವಿನ ಎದೆ ಬಡಿತ ಕೇಳುತ್ತಿದೆ. ಅದಕ್ಕಿಂತ ಹೆಚ್ಚು ನಾನು ಮಾತು ಕೊಡಲಾರೆ."

ಸಂಜೆ ಎಲ್ಲರೂ ಒಲೆಯ ಸುತ್ತ ಕೂತಾಗ ಅಣ್ಣ ಅದನ್ನೆಲ್ಲ ಹೇಳಿದ. ಪಾಪಾತಿ ಗಂಜಿ ಬಡಿಸುವುದನ್ನು ಮರೆತು ನಿಂತಳು.

ಮೊದಲು ಮಾತಾಡಿದವಳು ಅತ್ತಿಗೆ. ಮೆಲ್ಲಗೆ, ಉಪ್ಪು ಕೇಳುವಷ್ಟೇ ಮೆಲ್ಲಗೆ.

"ಹಾಗಾದರೆ ಮೊದಲಿನ ಎರಡು?"

ನಂಜಿ ಮಾಮಿ ನೆಲ ನೋಡಿದಳು.

"ಎರಡನೆಯದು ಗಂಡು," ಎಂದಳು ಅತ್ತಿಗೆ. "ನಾನು ನೋಡಿದ್ದೆ."

ಹೆತ್ತೆ ಎಡಗೈಯನ್ನು ನನ್ನ ಕಡೆಗೆ ಚಾಚಿದಳು. "ಸರೋಜಾ, ಕನ್ನಡಿ ಕೊಡು." ಕೊಟ್ಟೆ. ಬೆಂಕಿಯ ಬೆಳಕಿಗೆ ತಿರುಗಿ, ತುಟಿಯನ್ನು ತಾನೇ ಕೆಳಕ್ಕೆಳೆದು, ಉಳಿದಿದ್ದ ನಾಲ್ಕು ಹಲ್ಲುಗಳ ಬುಡವನ್ನು ನೋಡಿಕೊಂಡಳು. ಆಮೇಲೆ ಕನ್ನಡಿಯನ್ನು ಮಗುಚಿ ನೆಲದ ಮೇಲಿಟ್ಟಳು. ತಟ್ಟೆ ಮುಟ್ಟದೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ತಂಬಿಗೆ ಗೂಡಿನಲ್ಲಿರಲಿಲ್ಲ. ಹೆತ್ತೆ ಅದನ್ನು ಯಾವ ಹೊತ್ತಿನಲ್ಲಿ, ಒಂದೇ ಕೈಯಲ್ಲಿ, ಎಲ್ಲಿ ಹೂತುಬಂದಳೋ ನಮಗೆ ತಿಳಿಯಲಿಲ್ಲ. ಅವಳ ಉಗುರುಗಳಲ್ಲಿ ಕೆಂಪು ಮಣ್ಣಿತ್ತು. ಲಿಂಗಕ್ಕೆ ಮಣ್ಣಿನ ಕುಡಿಕೆಯಿಂದ ನೀರೆರೆದಳು. ಆದರೆ ಯಾರ ಅಂಗೈಗೂ ಹಾಕಲಿಲ್ಲ. ಕೆಂಪಿ ಆ ದಿನವೇ ಸತ್ತಿತು. ಮಾತಿನ ಪ್ರಕಾರ ಅತ್ತಿಗೆಯನ್ನು ಕಳಿಸಬೇಕಾದ ದಿನ ಅದು. ನಂಜಿ ಮಾಮಿ ಕೂಡ ಆ ಮಾತೆತ್ತಲಿಲ್ಲ.

ಸೆಪ್ಟೆಂಬರ್ ಕಳೆಯಿತು. ಐದನೆಯ ತಿಂಗಳು ದಾಟಿ ಆರು ತುಂಬಿತು. ಅತ್ತಿಗೆ ಉಣ್ಣುತ್ತಿದ್ದಳು, ಕೆಲಸ ಮಾಡುತ್ತಿದ್ದಳು, ಹೆತ್ತೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಹೆತ್ತೆಯ ಕೈಯಿಂದ ಮಾತ್ರ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೆತ್ತೆ ನೀಡಿದ ಲೋಟವನ್ನು "ಅಲ್ಲಿಡಿ" ಎನ್ನುತ್ತಿದ್ದಳು. ಅದುವರೆಗೆ 'ನೀ' ಎನ್ನುತ್ತಿದ್ದವಳು 'ನೀವು' ಎನ್ನತೊಡಗಿದ್ದಳು.

ಅಕ್ಟೋಬರ್ 22ಕ್ಕೆ ಕಣ್ಣಿಯ ದಿನ ಗೊತ್ತಾಯಿತು. ಹಿಂದಿನ ದಿನ ಹೆತ್ತೆ ನೂಲನ್ನು ತಂದು ನಂಜಿ ಮಾಮಿಯ ಮಡಿಲಿಗೆ ಹಾಕಿದಳು.

"ಹೊಸೆ."

"ಎನ್ನ ಕೈಯಲ್ಲಾ?"

"ಎನ್ನ ಕೈ ಆಗಲ್ಲ ಅಂತ ಊರಿಗೇ ಗೊತ್ತಾಯಿತಲ್ಲ. ನೀ ಹೊಸೆ. ಗಟ್ಟಿಯಾಗಿ."

ಮಾಮಿ ತೊಡೆಯ ಮೇಲೆ ನೂಲಿಟ್ಟು ಇಡೀ ಮಧ್ಯಾಹ್ನ ಹೊಸೆದಳು.

ಮಂಜೂರಿನಿಂದ ಅತ್ತಿಗೆಯ ಅಪ್ಪ ಶಿವಣ್ಣ ನೆಂಟರೊಂದಿಗೆ ಬಂದರು. ಹಬ್ಬದ ಸಿಹಿ ಎಣ್ಣೆಹಿಟ್ಟು ಕರಿದೆವು, ಹೊರಕೋಣೆಯಲ್ಲಿ ಚಾಪೆ ಹಾಸಿದೆವು. ಅಣ್ಣ ಬಿಳಿ ಮುಂಡಾಸು ಸುತ್ತಿ, ಕಣ್ಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಾವನ ಮುಂದೆ ನಿಂತ.

"ನಿಮ್ಮ ಮಗಳ ಕೊರಳಿಗೆ ಕಣ್ಣಿ ಹಾಕಲೇ?"

ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ "ಹಾಕು" ಎನ್ನಬೇಕು. ಶಿವಣ್ಣ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ, "ಅಪ್ಪ, ಹೇಳಬೇಡ," ಎಂದಳು.

ಅಣ್ಣ ಕಣ್ಣಿ ಹಿಡಿದ ಕೈಗಳನ್ನು ಕೆಳಗಿಳಿಸಿದ.

"ಕಣ್ಣಿ ಬೀಳುವವರೆಗೆ ಕಳಿಸಬಹುದು ಅಂತ ಈ ಮನೆಯಲ್ಲಿ ಮೂರು ವರ್ಷ ಕೇಳಿದೆ," ಎಂದಳು ಅತ್ತಿಗೆ. ತಲೆ ಬಗ್ಗಿಸಿರಲಿಲ್ಲ. "ಹಾಗಾದರೆ ನಾನೂ ಹೋಗಬಹುದು. ನನ್ನ ಮಗುವನ್ನು ನನ್ನ ಅಪ್ಪನ ಮನೆಯ ನೀರಲ್ಲಿ ಹೆರುತ್ತೇನೆ. ಮಗು ಬಂದ ಮೇಲೆ ಇವರು ಅಲ್ಲಿಗೆ ಬಂದು ಕೇಳಲಿ. ಆಗ ಹೇಳುತ್ತೇನೆ."

"ಇಂಥಾದ್ದು ಎಲ್ಲಾದರೂ ಉಂಟಾ!" ನಂಜಿ ಮಾಮಿ ಕಿರುಚಿದಳು. "ಹೆಣ್ಣು ಬೇಡ ಅನ್ನುವುದಾ, ಕಣ್ಣಿಯ ದಿನ! ನಾನು ಹೊಸೆದ ನೂಲು ಅದು!"

"ಮಲ್ಲಿ," ಎಂದ ಅಣ್ಣ.

"ನೀವು ಬನ್ನಿ," ಎಂದಳು ಅವಳು ಅವನಿಗೆ, ಮೊದಲ ಸಲ ಸ್ವಲ್ಪ ಮೆತ್ತಗೆ. "ಬರಬೇಡಿ ಅಂದಿಲ್ಲ."

ಎಲ್ಲರೂ ಹೆತ್ತೆಯ ಕಡೆಗೆ ತಿರುಗಿದರು. ಹೆತ್ತೆ ಗೋಡೆಗೆ ಒರಗಿ ಕೂತಿದ್ದಳು. ಜೋತುಬಿದ್ದ ಕೈ ಮಡಿಲಲ್ಲಿತ್ತು.

"ಎಣ್ಣೆಹಿಟ್ಟು ಕಟ್ಟಿಕೊಡಿ," ಎಂದಳು. "ದಾರಿ ದೂರ."

ನಾವು ಕಟ್ಟಿಕೊಟ್ಟೆವು. ಅತ್ತಿಗೆಯ ಸೀರೆಗಳು ಒಂದು ಗಂಟಿಗೂ ಆಗಲಿಲ್ಲ. ಹಟ್ಟಿಯ ಕೊನೆಯ ಕಲ್ಲಿನವರೆಗೆ ನಾನೂ ಅಣ್ಣನೂ ಹೋದೆವು. ಕುನ್ನೂರಿನ ಕಡೆಯಿಂದ ಮಂಜು ಏರುತ್ತಿತ್ತು. ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿ ತಿರುಗಿದೆವು. ಹೆತ್ತೆ ಬರುತ್ತಿದ್ದಳು. ಹಿಡಿಯಲಾಗದ ಕೈಯನ್ನೂ ಹಿಡಿಯಬಲ್ಲ ಕೈಯನ್ನೂ ಮೊಳಕೈಯಲ್ಲಿ ಮಡಚಿ, ನಡುವೆ ಎದೆಗೊತ್ತಿ ಉಪ್ಪಿನಕಾಯಿ ಜಾಡಿಯನ್ನು ತರುತ್ತಿದ್ದಳು. ಒಳಗೆ ಬೆಳ್ಳಿ. ಅವಳ ಹಿಂದೆ ಅಪ್ಪ ಓಡುತ್ತಿದ್ದ.

"ಅವ್ವೆ, ಅದು ದೊರೆಸಾನಿಯದು! ಬಂದು ಕೇಳಿದರೆ?"

"ಕೇಳಿದರೆ ಎನ್ನ ಹತ್ತಿರ ಕಳಿಸು," ಎಂದು ಹೆತ್ತೆ ತಿರುಗಿ ನೋಡದೆ ಹೇಳಿದಳು. ಅತ್ತಿಗೆಯ ಮುಂದೆ ಬಂದು ನಿಂತಳು. ಉಬ್ಬಸದಿಂದ ಮಾತು ತುಂಡಾಗುತ್ತಿತ್ತು.

"ಅಲ್ಲಿ ನೀರು ಹೇಗುಂಟೋ, ಮೊದಲು ಇದನ್ನು ಬಿಟ್ಟು ನೋಡು. ಇದು ಬದುಕಿದರೆ ನೀ ಕುಡಿ." ಆಮೇಲೆ ಅಂದಳು, "ಇದರಲ್ಲಿರುವುದು ಬರಿ ಒರತೆಯ ನೀರು, ಕೂಸೇ. ನಾನು ಏನೂ ಹಾಕಿಲ್ಲೆ."

ಅತ್ತಿಗೆ ತಕ್ಷಣ ಕೈ ಚಾಚಲಿಲ್ಲ. ಬಗ್ಗಿ, ಹೆತ್ತೆಯ ತೋಳುಗಳ ನಡುವೆಯೇ ಇದ್ದ ಜಾಡಿಯೊಳಗೆ ಬೆಳ್ಳಿಯ ಬಾಲವನ್ನು ನೋಡಿದಳು. ಮೀನು ಒಂದು ಸುತ್ತು ತಿರುಗಿತು. ಬಾಲ ತುದಿಯವರೆಗೂ ಬಿಳಿಯಾಗಿತ್ತು.

ಆಗ ಅವಳು ಜಾಡಿಯನ್ನು ಹೆತ್ತೆಯ ಕೈಯಿಂದ ತೆಗೆದುಕೊಂಡಳು.